ಓದುಗರ ಪ್ರಶ್ನೆ: ವಿಶ್ವಾಸಪ್ರಮಾಣದ ಕೆಲವು ಸಾಲುಗಳಲ್ಲಿ ನನ್ನ ಬಾಯಿ ತೆರೆಯುವುದಿಲ್ಲ

ಪ್ರಶ್ನೆ: ಮಾನ್ಯರೇ, ನಮ್ಮದು ದಕ್ಷಿಣ ಭಾರತ ಸಭೆಗೆ ಸೇರಿದ ಕನ್ನಡ ಕುಟುಂಬ, ನಾನು ಮೂರನೆಯ ತಲೆಮಾರಿನವಳು. ಒಂಬತ್ತು ವರ್ಷಗಳಿಂದ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಈ ವರ್ಷ ಶುಭಶುಕ್ರವಾರಕ್ಕೆ ಮುಂಚಿನ ಭಾನುವಾರ ಹತ್ತು ವರ್ಷದ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ನಾನು ತಪ್ಪು ಮಾಡಿದರೆ ನಮ್ಮಪ್ಪ ಬೈದು ಸುಮ್ಮನಾಗುತ್ತಾರೆ. ದೇವರು ಕ್ಷಮಿಸಬೇಕಾದರೆ ಯೇಸು ಸಾಯಲೇಬೇಕಿತ್ತಾ?” ಎಂದು ಕೇಳಿದ. ಪುಸ್ತಕದಲ್ಲಿದ್ದ ಉತ್ತರವನ್ನು ಹೇಳಿದೆ. ಆದರೆ ಹೇಳುತ್ತಿರುವಾಗಲೇ ಅದನ್ನು ನಾನು ನಂಬುತ್ತಿಲ್ಲವೆಂದು ನನಗೆ ತಿಳಿಯಿತು. ಅಂದಿನಿಂದ ಕನ್ಯೆಯಲ್ಲಿ ಹುಟ್ಟಿದ್ದು, ತ್ರಯೇಕತ್ವ, ಎಲ್ಲವೂ ಪ್ರಶ್ನೆಯಾಗಿವೆ. ಆರಾಧನೆಯಲ್ಲಿ ಎಲ್ಲರೂ ನಿಂತು, ಸಭೆಯ ನಂಬಿಕೆಯನ್ನು ಸಾರುವ ವಿಶ್ವಾಸಪ್ರಮಾಣವನ್ನು ಹೇಳುವಾಗ ಕೆಲವು ಸಾಲುಗಳಲ್ಲಿ ನಾನು ಮೌನವಾಗುತ್ತೇನೆ. ಯೇಸುವನ್ನು ಬಿಡಬೇಕೆಂದು ಒಂದು ದಿನವೂ ಅನ್ನಿಸಿಲ್ಲ. ಮನೆಯ ಹತ್ತಿರದ ಪ್ರಾರ್ಥನಾಕೂಟದಲ್ಲಿ ಇದನ್ನು ಹೇಳಿಕೊಂಡಾಗ, ಹಿರಿಯರೊಬ್ಬರು ಎಲ್ಲವನ್ನೂ ಒಪ್ಪು, ಇಲ್ಲವಾದರೆ ಬಿಟ್ಟುಹೋಗು ಎಂದರು. ಈಗ ಕರ್ತನ ಭೋಜನದಲ್ಲಿ, ಯೇಸುವಿನ ನೆನಪಿಗಾಗಿ ಹಂಚುವ ರೊಟ್ಟಿಗೆ ಕೈ ಚಾಚುವಾಗ ನನ್ನದಲ್ಲದ್ದನ್ನು ತೆಗೆದುಕೊಂಡಂತೆ ಕಸಿವಿಸಿಯಾಗುತ್ತದೆ. ನಾನು ಯೇಸುವಿನ ಶಿಷ್ಯೆಯೆಂದು ಹೇಳಿಕೊಳ್ಳಬಹುದೇ?
— ಹೆಸರು ಬೇಡ, ಲಿಂಗರಾಜಪುರ, ಬೆಂಗಳೂರು

ಉತ್ತರ: ಹೇಳಿಕೊಳ್ಳಬಹುದು, ಸಹೋದರಿ. ಕರ್ತನ ಭೋಜನದ ಬಳಿಗೂ ಹೋಗಬಹುದು. ಮೊದಲ ಸಲ ಯೇಸು ಆ ರೊಟ್ಟಿಯನ್ನು ಮುರಿದಾಗ ಸುತ್ತ ಕುಳಿತಿದ್ದವರಲ್ಲಿ ಆತನು ಯಾರೆಂದು ಸರಿಯಾಗಿ ಬಲ್ಲವನು ಒಬ್ಬನೂ ಇರಲಿಲ್ಲ. ಕೋಳಿ ಕೂಗುವುದರೊಳಗೆ ಮೂರು ಸಲ ಅರಿಯೆನೆನ್ನಲಿದ್ದ ಪೇತ್ರನೂ ಅಲ್ಲಿದ್ದನು.

ಆ ಹುಡುಗನ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಹೆಚ್ಚು ತೂಕದ್ದು ಅದೇ. ಪಾಪಕ್ಕೆ ಸಲ್ಲಬೇಕಾದ ಶಿಕ್ಷೆಯನ್ನು ದೇವರು ನಮ್ಮ ಬದಲು ತನ್ನ ಮಗನ ಮೇಲೆ ಹಾಕಿದನೆಂಬ ವಿವರಣೆಗೆ ಯೆಶಾಯನ 53ನೆಯ ಅಧ್ಯಾಯದಲ್ಲಿಯೂ ಪೌಲನ ಪತ್ರಗಳಲ್ಲಿಯೂ ಬೀಜವಿದೆ ಎಂಬುದು ನಿಜ. ಆದರೆ ಇಂದು ನಮ್ಮ ಪಾಠಪುಸ್ತಕಗಳಲ್ಲಿರುವ ರೂಪದಲ್ಲಿ ಅದು ಶಿಲುಬೆಯಷ್ಟು ಹಳೆಯದಲ್ಲ. 1098ರ ಸುಮಾರಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್, ಪಾಪವೆಂದರೆ ದೇವರ ಮಾನಕ್ಕೆ ಬಂದ ಕುಂದು, ಅದನ್ನು ತುಂಬಿಕೊಡುವ ಶಕ್ತಿ ಮನುಷ್ಯನಿಗಿಲ್ಲವಾದ್ದರಿಂದ ದೇವರೇ ಮನುಷ್ಯನಾಗಿ ತುಂಬಿಕೊಡಬೇಕಾಯಿತು ಎಂದು ವಾದಿಸಿದರು. ಒಡೆಯನ ಮಾನದ ಮೇಲೆಯೇ ಊರಿನ ಕಟ್ಟಳೆಯೆಲ್ಲ ನಿಂತಿದ್ದ ಕಾಲದಲ್ಲಿ ಆ ವಾದ ಜನರಿಗೆ ಸಹಜವಾಗಿಯೇ ತಟ್ಟಿತು. ಆದರೆ ಅವರ ಮುಂದಿನ ಪೀಳಿಗೆಯ ಪೀಟರ್ ಅಬೆಲಾರ್ಡ್ ನಿಮ್ಮ ಹುಡುಗ ಕೇಳಿದ್ದನ್ನೇ ಕೇಳಿದರು: ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಬಯಸುವುದು ಕ್ರೌರ್ಯವಲ್ಲವೇ? ಶಿಲುಬೆಯಲ್ಲಿ ಕಾಣುವುದು ದೇವರ ಪ್ರೀತಿ, ಅದನ್ನು ಕಂಡ ಮನುಷ್ಯನ ಹೃದಯ ತಿರುಗುತ್ತದೆ ಎಂಬ ಕಡೆಗೆ ಅವರ ಒಲವಿತ್ತು. 16ನೆಯ ಶತಮಾನದಲ್ಲಿ ಪ್ರಾಟೆಸ್ಟಂಟ್ ಸುಧಾರಕರು, ಅದರಲ್ಲಿಯೂ ಕಾನೂನು ಓದಿದ್ದ ಕ್ಯಾಲ್ವಿನ್, ಮಾನದ ಮಾತನ್ನು ನ್ಯಾಯಾಲಯದ ಭಾಷೆಗೆ ತಿರುಗಿಸಿದರು. ಅಲ್ಲಿಂದ ಅದು ಮಿಷನರಿಗಳ ಕೈಯಲ್ಲಿ ನಮ್ಮ ನಾಡಿಗೂ ಬಂದಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ನೀವು ಆರಾಧನೆಯಲ್ಲಿ ಕೇಳುವ ನೈಸೀನ್ ವಿಶ್ವಾಸಪ್ರಮಾಣದಲ್ಲಿ ಕ್ರಿಸ್ತನು ನಮಗೋಸ್ಕರ ಶಿಲುಬೆಗೆ ಹಾಕಲ್ಪಟ್ಟನು ಎಂದಿದೆಯೇ ಹೊರತು, ಆ ಮರಣವು ನಮ್ಮನ್ನು ಹೇಗೆ ರಕ್ಷಿಸುತ್ತದೆ ಎಂಬ ವಿವರಣೆ ಇಲ್ಲ. ಕ್ರಿಸ್ತನು ಯಾರು ಎಂಬುದರ ಬಗ್ಗೆ ಸಭೆಯ ಮಹಾಸಮ್ಮೇಳನಗಳು ಶತಮಾನಗಟ್ಟಲೆ ಚರ್ಚಿಸಿದವು. ಶಿಲುಬೆಯ ಬಗ್ಗೆ ಇದೊಂದೇ ವಿವರಣೆಯನ್ನು ಒಪ್ಪಬೇಕೆಂದು ಅವು ಎಲ್ಲಿಯೂ ವಿಧಿಸಲಿಲ್ಲ. ಆದ್ದರಿಂದ ನೀವು ಕಳೆದುಕೊಂಡದ್ದು ಶಿಲುಬೆಯ ಒಂದು ವಿವರಣೆಯನ್ನು, ಶಿಲುಬೆಯನ್ನಲ್ಲ. ಮುಂದಿನ ಭಾನುವಾರ ಆ ಹುಡುಗನಿಗೆ ಲೂಕನ 15ನೆಯ ಅಧ್ಯಾಯದ ತಪ್ಪಿಹೋದ ಮಗನ ಸಾಮ್ಯವನ್ನು ಓದಿ ಹೇಳಿ. ಆಸ್ತಿ ಹಾಳುಮಾಡಿ ಬಂದ ಮಗನನ್ನು ಕಂಡ ತಂದೆ ಲೆಕ್ಕ ಕೇಳುವುದಿಲ್ಲ, ಇನ್ನೊಬ್ಬ ಮಗನನ್ನು ಶಿಕ್ಷಿಸುವುದಿಲ್ಲ, ಓಡಿಹೋಗಿ ಕೊರಳನ್ನು ಅಪ್ಪಿಕೊಳ್ಳುತ್ತಾನೆ. “ನೀನು ನಿಮ್ಮಪ್ಪನ ಬಗ್ಗೆ ಹೇಳಿದ್ದು ಸರಿ, ಯೇಸುವೂ ದೇವರ ಬಗ್ಗೆ ಹಾಗೆಯೇ ಹೇಳಿದನು, ಹಾಗೆ ಹೇಳಿ, ಹಾಗೆಯೇ ಬದುಕಿದ್ದಕ್ಕೆ ಜನರು ಆತನನ್ನು ಕೊಂದರು, ಆಗಲೂ ಆತನು ಅವರನ್ನು ಕ್ಷಮಿಸಿದನು” ಎಂದರೆ ಆ ವಯಸ್ಸಿಗೆ ಸಾಕು. ನಿಮ್ಮ ಉಳಿದ ಸಂಶಯಗಳನ್ನು ಆ ಮಕ್ಕಳ ಮೇಲೆ ಹೊರಿಸಬೇಡಿ. ನೀವು ನಂಬದಿರುವುದನ್ನು ನಂಬಿದಂತೆಯೂ ಹೇಳಬೇಡಿ.

ಕನ್ಯಾಜನನದ ವಿಷಯ ಬೇಗ ಮುಗಿಯುತ್ತದೆ. ಮತ್ತಾಯ, ಲೂಕ ಇಬ್ಬರೇ ಅದನ್ನು ಹೇಳುತ್ತಾರೆ. ಮಾರ್ಕನು ಯೇಸುವಿನ ಬಾಲ್ಯವನ್ನೇ ಮುಟ್ಟುವುದಿಲ್ಲ, ಪೌಲನ ಪತ್ರಗಳಲ್ಲಿ ಅದರ ಮಾತಿಲ್ಲ. ಅದನ್ನು ಕೇಳದೆಯೇ ಕ್ರಿಸ್ತನನ್ನು ನಂಬಿದವರು ಮೊದಲ ಶತಮಾನದಲ್ಲಿಯೇ ಇದ್ದಿರಬೇಕು.

ತ್ರಯೇಕತ್ವವನ್ನು, ಅಂದರೆ ತಂದೆ, ಮಗನಾದ ಯೇಸು, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬುದನ್ನು ಮಾತ್ರ ಅಷ್ಟು ಸುಲಭವಾಗಿ ಬದಿಗಿಡಬೇಡಿರೆಂದು ಕೇಳಿಕೊಳ್ಳುತ್ತೇನೆ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸೀಯದಲ್ಲಿ ಬಿಷಪರನ್ನು ಸೇರಿಸಿದಾಗ, ಮಗನು ತಂದೆಯಿಂದ ಸೃಷ್ಟಿಯಾದವನೆಂದು ಬೋಧಿಸಿದ್ದ ಅರಿಯಸ್‌ನ ವಾದವನ್ನು ತಳ್ಳಿಹಾಕಲು ಅವರು ಸತ್ಯವೇದದಲ್ಲಿ ಇಲ್ಲದ ಒಂದು ಗ್ರೀಕ್ ಪದವನ್ನು ಆರಿಸಿಕೊಂಡರು: ಮಗನು ತಂದೆಯೊಂದಿಗೆ ಏಕಸ್ವರೂಪನು. ಅದು ಸತ್ಯವೇದದ ಪದವಲ್ಲವೆಂದು ಅಂದಿನ ಬಿಷಪರಲ್ಲಿಯೇ ಹಲವರು ಕಳವಳಗೊಂಡರು. ಜಗಳ ಅಲ್ಲಿಗೆ ಮುಗಿಯಲಿಲ್ಲ. ಆ ಪದದ ಪರ ನಿಂತ ಅಥನೇಸಿಯಸ್ ಐದು ಸಲ ಗಡಿಪಾರಾದರು. 381ರ ಕಾನ್‌ಸ್ಟಾಂಟಿನೋಪಲ್ ಸಮ್ಮೇಳನದವರೆಗೂ ವಾದ ಎಳೆಯಿತು. ಅರಮನೆಯ ರಾಜಕಾರಣ ಅದರಲ್ಲಿ ಬೆರೆತಿತ್ತು. ಆದರೂ ಅವರು ಕಾಪಾಡಲು ಹೆಣಗಿದ್ದು ಬೆಲೆಯುಳ್ಳದ್ದು. ಕುಷ್ಠರೋಗಿಯನ್ನು ಮುಟ್ಟಿದ ಯೇಸುವಿನಲ್ಲಿ ನಾವು ಕಂಡದ್ದು ದೇವರು ಕಳುಹಿಸಿದ ಒಬ್ಬ ಸೇವಕನನ್ನೋ, ದೇವರ ಹೃದಯವನ್ನೋ? ಅದೇ ದೇವರ ಹೃದಯವೆಂದು ಅವರು ಹೇಳಬಯಸಿದರು, ತಮ್ಮ ಕಾಲದ ಗ್ರೀಕ್ ತತ್ತ್ವಶಾಸ್ತ್ರದ ಪದಗಳಲ್ಲಿ ಹೇಳಿದರು. ಆ ಪದಗಳು ನಿಮಗೆ ದಕ್ಕದಿದ್ದರೆ ಅದು ಪಾಪವಲ್ಲ, ಆದರೆ ಅವುಗಳ ಹಿಂದಿನ ಪ್ರಶ್ನೆಯೊಡನೆ ಇನ್ನೂ ಸ್ವಲ್ಪ ಕಾಲ ಇರಿ.

ಎಲ್ಲವನ್ನೂ ಒಪ್ಪು, ಇಲ್ಲವಾದರೆ ಬಿಟ್ಟುಹೋಗು ಎಂದ ಹಿರಿಯರ ಮಾತು ನಿಮ್ಮ ಸಭೆಯ ಮಾತಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ, ಅದರ ‘ಐಕ್ಯದ ಆಧಾರ’ ಎಂಬ ದಾಖಲೆಯಲ್ಲಿಯೇ ಒಂದು ಟಿಪ್ಪಣಿಯನ್ನು ಸೇರಿಸಿದರು. ಅಪೊಸ್ತಲರ ಮತ್ತು ನೈಸೀನ್ ವಿಶ್ವಾಸಪ್ರಮಾಣಗಳ ಮೂಲಭೂತ ಸತ್ಯಗಳನ್ನು ಸಭೆಯು ಅಂಗೀಕರಿಸುತ್ತದೆ. ಆದರೆ ಅವುಗಳ ಪ್ರತಿಯೊಂದು ಪದಕ್ಕೂ ಪ್ರತಿಯೊಬ್ಬ ವ್ಯಕ್ತಿಯ ಒಪ್ಪಿಗೆಯನ್ನು ಕೇಳುವುದಾಗಲಿ, ಅರ್ಥೈಸುವ ಯುಕ್ತ ಸ್ವಾತಂತ್ರ್ಯವನ್ನು ತಡೆಯುವುದಾಗಲಿ, ಕ್ರೈಸ್ತ ನಂಬಿಕೆಯೆಲ್ಲ ಅವುಗಳಲ್ಲಿ ಸಂಪೂರ್ಣವಾಗಿ ಅಡಗಿದೆಯೆನ್ನುವುದಾಗಲಿ ಅದರ ಉದ್ದೇಶವಲ್ಲ ಎಂಬುದು ಆ ಟಿಪ್ಪಣಿಯ ಸಾರ. ಹಲವು ವರ್ಷಗಳ ಮಾತುಕತೆಯಿಂದ ಸಭೆಯನ್ನು ಕಟ್ಟಿದವರು ನಿಮ್ಮಂಥವರಿಗೆ ಬಾಗಿಲನ್ನು ತೆರೆದೇ ಇಟ್ಟಿದ್ದಾರೆ. ಈ ಟಿಪ್ಪಣಿಯನ್ನು, ಯುವಜನರನ್ನು ಸಭೆಯ ಪೂರ್ಣ ಸದಸ್ಯತ್ವಕ್ಕೆ ಸಿದ್ಧಪಡಿಸುವ ದೃಢೀಕರಣದ ತರಗತಿಗಳಲ್ಲಿ ಓದಿಸಬೇಕೆಂಬುದು ನನ್ನ ಬಹುದಿನದ ಆಸೆ.

ನಮ್ಮ ನಾಡಿನಲ್ಲಿ ಹೀಗೆ ಪ್ರಶ್ನಿಸಿದವರು ಹೊರಗೆ ನಿಂತು ಪ್ರಶ್ನಿಸಿದವರಲ್ಲ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಸ್ಟ್ಯಾನ್ಲಿ ಸಮರ್ಥ ಅವರು, ದೇವರ ರಹಸ್ಯವನ್ನು ಕ್ರಿಸ್ತನೊಬ್ಬನ ಹೆಸರಿನೊಳಗೆ ಮುಚ್ಚಿಡುವ ಭಾಷೆಯನ್ನು ಪ್ರಶ್ನಿಸಿಯೂ ಕ್ರಿಸ್ತನನ್ನು ಬಿಡಲಿಲ್ಲ. 1981ರಲ್ಲಿ ಇದೇ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ದೇವತಾಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಭಾಷಣ, ದಲಿತರ ಅನುಭವದಿಂದ ಕ್ರೈಸ್ತ ನಂಬಿಕೆಯನ್ನು ಅರಿಯುವ ದಲಿತ ದೇವತಾಶಾಸ್ತ್ರಕ್ಕೆ ನಾಂದಿಯಾಯಿತು. ಅಲ್ಲಿಂದ ಬೆಳೆದ ಪ್ರಶ್ನೆಗಳು ನಿಮ್ಮವುಗಳಿಗಿಂತ ಕಟುವಾದವು. ಒಂದೇ ರೊಟ್ಟಿಯನ್ನು ಮುರಿದು ತಿಂದವರು ಮಗಳಿಗೆ ವರನನ್ನು ನೋಡುವಾಗ ಜಾತಿಯನ್ನು ಕೇಳಿದರೆ, ಅವರು ವಿಶ್ವಾಸಪ್ರಮಾಣವನ್ನು ಒಂದು ಅಕ್ಷರವೂ ತಪ್ಪದಂತೆ ಹೇಳಿದ್ದರಿಂದ ಬಂದದ್ದೇನು? ಸ್ವಾಮೀ, ಸ್ವಾಮೀ ಎನ್ನುವವರೆಲ್ಲರೂ ಪರಲೋಕರಾಜ್ಯಕ್ಕೆ ಸೇರುವುದಿಲ್ಲವೆಂದು ಯೇಸು ಹೇಳಿದ್ದು ಇಂಥ ನಮ್ಮನ್ನು ಕುರಿತೇ ಎಂದು ನಾನು ಭಯದಿಂದ ಓದುತ್ತೇನೆ.

ಪುನರುತ್ಥಾನವನ್ನು ನೀವು ಪತ್ರದಲ್ಲಿ ಮುಟ್ಟಿಲ್ಲ. ನಾನು ಅದನ್ನು ನಂಬುತ್ತೇನೆ, ಮೇಲಿನ ಸಂಗತಿಗಳ ಸಾಲಿನಲ್ಲಿ ಅದನ್ನು ಇಡುವುದಿಲ್ಲ. ಮುಂದೊಂದು ದಿನ ಅದೂ ನಿಮಗೆ ಕಷ್ಟವಾದರೆ ಮತ್ತಾಯನ ಕೊನೆಯ ಅಧ್ಯಾಯವನ್ನು ನೋಡಿ. ಎದ್ದು ಬಂದ ಯೇಸುವನ್ನು ಗಲಿಲಾಯದ ಬೆಟ್ಟದಲ್ಲಿ ಕಣ್ಣಾರೆ ಕಂಡ ಹನ್ನೊಂದು ಮಂದಿ ಶಿಷ್ಯರ ವಿಷಯದಲ್ಲಿಯೇ ಕೆಲವರು ಸಂದೇಹಪಟ್ಟರೆಂದು ಅಲ್ಲಿ ಬರೆದಿದೆ, ಮತ್ತು ಲೋಕಕ್ಕೆಲ್ಲ ಹೋಗಿರೆಂಬ ಅಪ್ಪಣೆಯನ್ನು ಸಂದೇಹಪಟ್ಟವರನ್ನು ಬೇರ್ಪಡಿಸದೆಯೇ ಕೊಡಲಾಯಿತು. ನಿಮ್ಮ ಸಭಾಪಾಲಕರ ಬಳಿ ಒಂದು ಸಂಜೆ ಬಿಡುವು ಕೇಳಿ ಇದನ್ನೆಲ್ಲ ಮಾತನಾಡಿ. ಅಲ್ಲಿಯವರೆಗೆ, ಬಾಯಿ ತೆರೆಯದ ಸಾಲುಗಳಲ್ಲಿ ಮೌನವಾಗಿಯೇ ನಿಂತಿರಿ. ಆ ಕ್ಷಣಗಳಲ್ಲಿ ನಿಮ್ಮ ಸುತ್ತ ನಿಂತವರು ನಿಮಗಾಗಿಯೂ ಅವುಗಳನ್ನು ಹೇಳುತ್ತಾರೆ.

ಪ್ರಶ್ನೆ: ನಾನು ಹುಟ್ಟಿನಿಂದ ಕ್ರೈಸ್ತನಲ್ಲ. ಪರ್ವತ ಪ್ರಸಂಗವನ್ನು ಓದಿದ ಮೇಲೆ ಯೇಸುವಿನ ಮಾತಿನಂತೆ ಬದುಕಲು ಪ್ರಯತ್ನಿಸುತ್ತಿದ್ದೇನೆ. ಬೋಧನೆಯನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರೆ ಆಗದೇ?
— ಓದುಗ, ಬಸವನಗುಡಿ, ಬೆಂಗಳೂರು

ಉತ್ತರ: ಇದೇ ಕೆಲಸವನ್ನು 1820ರಲ್ಲಿ ಕಲ್ಕತ್ತೆಯಲ್ಲಿ ರಾಜಾ ರಾಮಮೋಹನ ರಾಯರು ಮಾಡಿದರು. ಸುವಾರ್ತೆಗಳಿಂದ ನೀತಿಬೋಧನೆಯನ್ನು ಆರಿಸಿ, ಅದ್ಭುತಗಳನ್ನೂ ಸಿದ್ಧಾಂತಗಳನ್ನೂ ಬಿಟ್ಟು, ಯೇಸುವಿನ ಉಪದೇಶಗಳ ಸಂಗ್ರಹವೊಂದನ್ನು ಅಚ್ಚುಹಾಕಿಸಿದರು. ಸಿರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಅದನ್ನು ಬಲವಾಗಿ ವಿರೋಧಿಸಿದರು. ರಾಯರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ, ಮತ್ತು ಆ ಬೋಧನೆಯಂತೆ ನಡೆಯುವವರನ್ನು ಹಿಂಬಾಲಕರಲ್ಲವೆನ್ನುವ ಅಧಿಕಾರ ನನಗಿಲ್ಲ. ಆದರೆ ಬೋಧನೆಯನ್ನು ಮಾತ್ರ ಕತ್ತರಿಸಿಕೊಂಡಾಗ ಒಂದು ಸಂಗತಿ ಕಣ್ಮರೆಯಾಗುತ್ತದೆ: ಶತ್ರುಗಳನ್ನು ಪ್ರೀತಿಸಿರೆಂದವನನ್ನು ರೋಮಿನ ಅಧಿಪತಿ ಶಿಲುಬೆಗೆ ಏಕೆ ಒಪ್ಪಿಸಿದನು? ಆತನು ಯಾರೊಂದಿಗೆ ಊಟಕ್ಕೆ ಕುಳಿತನು, ದೇವಾಲಯದಲ್ಲಿ ಯಾರ ಮೇಜುಗಳನ್ನು ಕೆಡವಿದನು, ಕೊನೆಯ ರಾತ್ರಿ ಯಾರು ಓಡಿಹೋದರು ಎಂಬುದಿಲ್ಲದೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ದೀಕ್ಷಾಸ್ನಾನಕ್ಕೆ ಅವಸರ ಬೇಡ, ಯಾರ ಒತ್ತಾಯಕ್ಕೂ ಬೇಡ. ಮಾರ್ಕನ ಸುವಾರ್ತೆಯನ್ನು ಒಂದೇ ಸಲ ಕುಳಿತು ಓದಿ. ಎರಡು ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಅದು 16ನೆಯ ಅಧ್ಯಾಯದ 8ನೆಯ ವಚನಕ್ಕೆ ನಿಂತುಬಿಡುತ್ತದೆ: ಸಮಾಧಿ ಬರಿದಾಗಿದೆ, ನೋಡಲು ಬಂದ ಹೆಂಗಸರು ನಡುಗುತ್ತ ಓಡಿಹೋಗುತ್ತಾರೆ, ಹೆದರಿ ಯಾರಿಗೂ ಏನನ್ನೂ ಹೇಳುವುದಿಲ್ಲ. ನೀವೂ ಅಲ್ಲಿಯೇ ಪುಸ್ತಕವನ್ನು ಮುಚ್ಚಿ, ಆಗ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳನ್ನು ನನಗೆ ಬರೆಯಿರಿ.