ಪ್ಲೈವುಡ್ ದೋಣಿಗೆ ಫೈಬರ್ ಬಟ್ಟೆ: ಬೆಳಿಗ್ಗೆ ಬೇಡ, ಸಂಜೆ ಹಚ್ಚಿ
ಮನೆಯಲ್ಲೇ 12 ಅಡಿಯ ಪ್ಲೈವುಡ್ ದೋಣಿ ಕಟ್ಟಿದ್ದೀರಿ. ಹೊರಮೈಗೆ ಫೈಬರ್‌ಗ್ಲಾಸ್ (ಗಾಜಿನ ನಾರಿನ ಬಟ್ಟೆ) ಹಾಕಲು ಅಗ್ಗದ ಪಾಲಿಯೆಸ್ಟರ್ ರೆಸಿನ್ (ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟು ದ್ರವ) ಸಾಕು ಅಂತ ಅಂಗಡಿಯವರು ಹೇಳಿದರು, ಇನ್ನೊಂದು ಬಗೆಯ ರೆಸಿನ್ ಆದ ಎಪಾಕ್ಸಿಯೇ ಬೇಕಾ ಅಂತ ಕೇಳಿದ್ದೀರಿ. ಮರದ ಮೇಲಾದರೆ ಎಪಾಕ್ಸಿಯೇ ಬೇಕು.

ಅಂಗಡಿಯವರು ಸುಳ್ಳು ಹೇಳಿಲ್ಲ. ನಮ್ಮ ಕರಾವಳಿಯಲ್ಲಿ ಈಗ ಓಡಾಡುವ ಫೈಬರ್ ದೋಣಿಗಳು ಹೆಚ್ಚಾಗಿ ಪಾಲಿಯೆಸ್ಟರಿನಲ್ಲೇ ಆದವು, ಚೆನ್ನಾಗಿ ಬಾಳುತ್ತವೆ. ಆದರೆ ಅವುಗಳ ಮೈಯೇ ಫೈಬರ್. ನಿಮ್ಮದು ಮರ ಅಲ್ವಾ, ಅದು ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಪಾಲಿಯೆಸ್ಟರಿನ ಹಿಡಿತ ಅದಕ್ಕೆ ಸಾಲದು. ಕ್ರಮೇಣ ಅಂಚಿನಿಂದ ಏಳುತ್ತದೆ, ಸಂದಿಗೆ ನೀರು ಇಳಿದು ಹೊರಗೆ ಗೊತ್ತಾಗದ ಹಾಗೆ ಪ್ಲೈ ಕೊಳೆಯುತ್ತದೆ.

ಮ್ಯಾಟ್ (ನೇಯದೆ ಒತ್ತಿ ಮಾಡಿದ ಗಾಜಿನ ನಾರಿನ ಹಾಳೆ) ತರಬೇಡಿ, ನೇಯ್ದ ಬಟ್ಟೆ ತನ್ನಿ. ಇಷ್ಟು ದೊಡ್ಡ ದೋಣಿಗೆ 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆ ಸಾಕು. ತಳದ ಚೂಪು ಅಂಚುಗಳನ್ನು ಮೊದಲೇ ಗುಂಡಗೆ ಉಜ್ಜಿ. ಚೂಪಾಗಿ ಬಿಟ್ಟರೆ ಬಟ್ಟೆ ಅಲ್ಲಿ ಕೂರುವುದಿಲ್ಲ, ಅಡಿಯಲ್ಲಿ ಗಾಳಿ ಉಳಿಯುತ್ತದೆ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ದೋಣಿಗೆ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆ. ಬಟ್ಟೆ ಚೆಂದ ಕೂತಿತು. ಹತ್ತೂವರೆಗೆ ತಗಡಿನ ಮಾಡು ಕಾದಿತು. ನೋಡನೋಡುತ್ತಲೇ ಬಟ್ಟೆಯ ಅಡಿಯಿಂದ ಸಾಸಿವೆ ಗಾತ್ರದ ಗುಳ್ಳೆಗಳು ಏಳತೊಡಗಿದವು, ಒಂದನ್ನು ಒತ್ತಿದರೆ ಪಕ್ಕದಲ್ಲಿ ಎರಡು. ಮರ ಬಿಸಿಯಾದಂತೆ ಅದರೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ಮೂರು ದಿನ ಉಜ್ಜಿ ಉಜ್ಜಿ ಸರಿಮಾಡಿದೆ. ಸಂಜೆ ಹಚ್ಚಿದರೆ ಇದೇ ಉಲ್ಟಾ: ಮರ ತಣಿಯುತ್ತಾ ಗಾಳಿ ಕುಗ್ಗಿ ರೆಸಿನ್ನನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಅಂದಿನಿಂದ ನಾಲ್ಕೂವರೆಗೆ ಮೊದಲು ನಾನು ಡಬ್ಬ ತೆರೆಯುವುದಿಲ್ಲ.

ಎಪಾಕ್ಸಿ ರೆಸಿನ್ನಿಗೆ ಅದನ್ನು ಗಟ್ಟಿಮಾಡುವ ಹಾರ್ಡನರ್ ಸೇರಿಸಿ ಕಲಸುವಾಗ ಒಂದು ಸಲಕ್ಕೆ 200 ಗ್ರಾಂಗಿಂತ ಜಾಸ್ತಿ ಕಲಸಬೇಡಿ. ನಮ್ಮ ಸೆಕೆಗೆ ದೊಡ್ಡ ಡಬ್ಬದಲ್ಲಿ ಇಟ್ಟ ಎಪಾಕ್ಸಿ ತನ್ನಷ್ಟಕ್ಕೆ ಕಾದು ಹೊಗೆಯಾಡುತ್ತದೆ. ನಿಧಾನವಾಗಿ ಗಟ್ಟಿಮಾಡುವ ಹಾರ್ಡನರ್ ಕೇಳಿ ತಗೊಳ್ಳಿ. ಡಬ್ಬದ ಮೇಲಿನ ಅಳತೆಯನ್ನು ತಪ್ಪದೆ ಪಾಲಿಸಿ, ಆದರೆ ಅದು ತಕ್ಕಡಿಯಲ್ಲಿ ತೂಗುವ ಲೆಕ್ಕವೋ ಲೋಟದಲ್ಲಿ ಅಳೆಯುವ ಮಿಲಿಲೀಟರ್ ಲೆಕ್ಕವೋ ನೋಡಿಕೊಳ್ಳಿ, ಎರಡೂ ಒಂದೇ ಅಲ್ಲ. ಬೇಗ ಒಣಗಲಿ ಅಂತ ಹಾರ್ಡನರ್ ಹೆಚ್ಚು ಹಾಕಿದರೆ ಎಪಾಕ್ಸಿ ಮೆತ್ತಗೇ ಉಳಿದುಬಿಡುತ್ತದೆ.

ಬಟ್ಟೆಯನ್ನು ಒಣದಾಗಿ ಹಾಸಿ, ಕೈಯಿಂದ ಸುಕ್ಕು ಬಿಡಿಸಿ, ನಡುವೆ ರೆಸಿನ್ ಸುರಿದು ಪ್ಲಾಸ್ಟಿಕ್ ಪಟ್ಟಿಯಲ್ಲಿ ಅಂಚಿನ ಕಡೆಗೆ ಎಳೆಯಿರಿ. ಬಿಳಿ ಬಟ್ಟೆ ಮಾಯವಾಗಿ ಮರದ ಗೆರೆ ಕಾಣಿಸುತ್ತದೆ. ಬಿಳಿ ಉಳಿದ ಕಡೆ ರೆಸಿನ್ ಸಾಲದು. ಕನ್ನಡಿಯ ಹಾಗೆ ಹೊಳೆದರೆ ಜಾಸ್ತಿಯಾಗಿ ಬಟ್ಟೆ ತೇಲುತ್ತಿದೆ, ಎಳೆದು ತೆಗೆಯಿರಿ. ಸ್ವಲ್ಪ ಮಂಕಾಗಿ, ನೇಯ್ಗೆ ಕಾಣುವ ಹಾಗಿದ್ದರೆ ಸರಿ. ನೇಯ್ಗೆ ಮುಚ್ಚಲು ಆಮೇಲೆ ಎಪಾಕ್ಸಿಯದೇ ಎರಡು ಮೂರು ಕೋಟ್ ಕೊಡಿ, ಅಂಟಂಟು ಇರುವಾಗಲೇ ಕೊಟ್ಟರೆ ಮಧ್ಯೆ ಉಜ್ಜುವ ಕೆಲಸವಿಲ್ಲ.

ಮಳೆಗಾಲದಲ್ಲಿ ಈ ಕೆಲಸ ಬೇಡ. ತೇವದ ಗಾಳಿಗೆ ಮೇಲೆ ಮೇಣದಂಥ ಜಿಡ್ಡು ಬರುತ್ತದೆ. ಬಂದರೆ ಮೊದಲು ನೀರು ಹಾಕಿ ನಾರಿನಿಂದ ತಿಕ್ಕಿ ತೊಳೆಯಿರಿ, ಆಮೇಲೆ ಉಜ್ಜಿ. ಹಾಗೇ ಉಜ್ಜಿದರೆ ಜಿಡ್ಡು ಇನ್ನೂ ಒಳಗೆ ಮೆತ್ತಿ ಪೇಂಟ್ ಹಿಡಿಯುವುದಿಲ್ಲ. ಪೇಂಟ್ ಮಾತ್ರ ಬೇಕೇ ಬೇಕು, ಎಪಾಕ್ಸಿ ಬಿಸಿಲಿಗೆ ಹಾಳಾಗುತ್ತದೆ.

ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಉಜ್ಜುವಾಗ ಮಾಸ್ಕ್ ಹಾಕಿ. ಕೈಗೆ ತಾಗಿದರೆ ಥಿನ್ನರ್ ಹಚ್ಚದೆ ಸೋಪಿನಲ್ಲಿ ತೊಳೆಯಿರಿ. ಎಪಾಕ್ಸಿಯ ಅಲರ್ಜಿ ಒಮ್ಮೆ ಹಿಡಿದರೆ ಬಿಡುವುದಿಲ್ಲ, ಎರಡನೇ ದೋಣಿ ಕಟ್ಟುವ ಆಸೆಯನ್ನೇ ಬಿಡಬೇಕಾಗುತ್ತದೆ.