ಆಸ್ಬೆಸ್ಟಾಸ್ ಶೀಟಿನ ಶೆಡ್‌ಗೆ ಕ್ಯಾಮೆರಾ ಕೇಬಲ್ ಎಳೆಯಬೇಕು, ಶೀಟಿಗೆ ಡ್ರಿಲ್ ಹೊಡೆಯಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಪೀಣ್ಯದಲ್ಲಿ ಹಳೇ ಶೆಡ್, ಮೇಲೆ ಆಸ್ಬೆಸ್ಟಾಸ್ ಶೀಟ್. ಎಂಟು ಕ್ಯಾಮೆರಾ ಬೇಕು, ಮೂಲೆಯ ಆಫೀಸಿಗೆ ನೆಟ್‌ವರ್ಕ್ ಕೇಬಲ್ ಹೋಗಬೇಕು. ಎಲೆಕ್ಟ್ರಿಷಿಯನ್ ಶೀಟಿಗೇ ಡ್ರಿಲ್ ಹೊಡೆದು ಹುಕ್ ಹಾಕುತ್ತೇನೆ ಅಂತಿದ್ದಾನೆ. ಎರಡು ತೂತು ಆಗಲೇ ಹೊಡೆದೂ ಆಗಿದೆ. ಮುಂದುವರಿಸಬಹುದಾ?

ಬೇಡ, ಅಲ್ಲಿಗೇ ನಿಲ್ಲಿಸಿ. ನಾನು ಫ್ಯಾಕ್ಟರಿ, ಗೋಡೌನ್‌ಗಳಿಗೆ ಇದೇ ಕೇಬಲ್ ಕೆಲಸ ಮಾಡುವವನು. ನಿಮ್ಮಂಥ ಶೆಡ್‌ನಲ್ಲಿ ಶೀಟಿಗೆ ಒಂದು ತೂತೂ ಇಲ್ಲದೆ ಪೂರ್ತಿ ವೈರಿಂಗ್ ಮುಗಿಸಬಹುದು. ಶೀಟ್ ಇರುವುದು ಮಳೆ, ಬಿಸಿಲು ತಡೆಯೋಕೆ. ಭಾರ ಹೊರುವುದು ಅದರ ಕೆಳಗಿನ ಕಬ್ಬಿಣದ ಟ್ರಸ್ (ಚಾವಣಿ ಹೊರುವ ಚೌಕಟ್ಟು) ಮತ್ತು ಪರ್ಲಿನ್ (ಚೌಕಟ್ಟಿನ ಮೇಲೆ ಶೀಟ್ ಕೂರುವ ಅಡ್ಡಪಟ್ಟಿ). ಕೇಬಲ್ಲೂ ಅವುಗಳ ಮೇಲೇ ಹೋಗಬೇಕು.

ಮೊದಲು ಭಯದ ವಿಷಯ. ನಮ್ಮಲ್ಲಿ ಸಿಗುವ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಶೇ 8ರಿಂದ 10ರಷ್ಟು ಬಿಳಿ ಆಸ್ಬೆಸ್ಟಾಸ್, ಅಂದರೆ ಕಲ್ನಾರು, ಇರುತ್ತದೆ. ಮಿಕ್ಕಿದ್ದರಲ್ಲಿ ಹೆಚ್ಚಿನದು ಸಿಮೆಂಟು, ಹಾರುಬೂದಿ. ಶೀಟ್ ಗಟ್ಟಿಯಾಗಿ, ತನ್ನ ಪಾಡಿಗೆ ಇದ್ದರೆ ನಾರು ಸಿಮೆಂಟಿನಲ್ಲೇ ಹಿಡಿದುಕೊಂಡಿರುತ್ತದೆ. ಡ್ರಿಲ್ ಹೊಡೆದಾಗ, ಗ್ರೈಂಡರ್‌ನಲ್ಲಿ ಕತ್ತರಿಸಿದಾಗ, ಒಡೆದಾಗ ಅದು ಪುಡಿಯಾಗಿ ಗಾಳಿಗೆ ಸೇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ನಾರು. ಶ್ವಾಸಕೋಶದ ಆಳಕ್ಕೆ ಹೋದರೆ ಹೊರಗೆ ಬರುವುದು ಕಷ್ಟ. ಕ್ಯಾನ್ಸರ್ ಬಂದರೂ ಸಾಮಾನ್ಯವಾಗಿ 20, 30, 40 ವರ್ಷ ಬಿಟ್ಟು ಬರುತ್ತದೆ. ಹಾಗಾಗಿ 'ನಾನು ಇಷ್ಟು ವರ್ಷದಿಂದ ಹೊಡೀತಿದೀನಿ, ಏನೂ ಆಗಿಲ್ಲ' ಅನ್ನುವ ಮಾತಿಗೆ ಬೆಲೆ ಇಲ್ಲ. ಬೀಡಿ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಇನ್ನೂ ಎಷ್ಟೋ ಪಟ್ಟು ಜಾಸ್ತಿ.

ಬ್ರಿಟನ್ 1999ರಲ್ಲೇ ಬಿಳಿ ಆಸ್ಬೆಸ್ಟಾಸನ್ನೂ ನಿಷೇಧಿಸಿತು. ನಮ್ಮ ದೇಶದಲ್ಲಿ ಅಂಥ ನಿಷೇಧ ಇಲ್ಲ, ಹೊರದೇಶದಿಂದ ತರಿಸಿ ಶೀಟ್ ಮಾಡುವುದು ನಡೆದೇ ಇದೆ. ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವ ವಸ್ತು ಅಂದಮೇಲೆ ಎಲೆಕ್ಟ್ರಿಷಿಯನ್‌ಗೆ ಅನುಮಾನ ಬರದಿರುವುದು ಸಹಜ. ಅವನನ್ನು ಬೈಯಬೇಡಿ.

ಆಗಿರುವ ಎರಡು ತೂತಿಗೆ ಗಾಬರಿ ಬೇಡ. ಅಪಾಯ ಏರುವುದು ಎಷ್ಟು ಪುಡಿ, ಎಷ್ಟು ಕಾಲ ಉಸಿರಿಗೆ ಹೋಯಿತು ಅನ್ನುವುದರ ಮೇಲೆ. ಇಷ್ಟಾದರೆ ಪರವಾಗಿಲ್ಲ ಅನ್ನುವ ಗೆರೆ ಯಾರೂ ಎಳೆದಿಲ್ಲ, ನಿಜ. ಆದರೂ ಎರಡು ತೂತಿನಿಂದ ಬರುವ ಅಪಾಯ ತುಂಬಾ ಸಣ್ಣದು. ಕೆಳಗೆ ಬಿದ್ದ ಪುಡಿಯನ್ನು ಮಾತ್ರ ಪೊರಕೆಯಿಂದ ಗುಡಿಸಬೇಡಿ, ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಹಾಕಬೇಡಿ, ಬ್ಲೋವರ್ ಅಂತೂ ಬೇಡವೇ ಬೇಡ. ಅವೆಲ್ಲ ಪುಡಿಯನ್ನು ಮತ್ತೆ ಗಾಳಿಗೆ ಏರಿಸುತ್ತವೆ. ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಸೇರಿಸಿ ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಡಿ. ತೂತಿನ ಅಂಚಿಗೆ ಸೀಲೆಂಟ್ ತುಂಬಿಸಿದರೆ ಪುಡಿಯೂ ನಿಲ್ಲುತ್ತದೆ, ಮಳೆಗಾಲದಲ್ಲಿ ಸೋರುವುದೂ ತಪ್ಪುತ್ತದೆ.

ಈಗ ಕೇಬಲ್ ದಾರಿ. ಕೆಳಗೆ ನಿಂತು ಮೇಲೆ ನೋಡಿ. ಗೋಡೆಯಿಂದ ಗೋಡೆಗೆ ಟ್ರಸ್, ಅವುಗಳ ಮೇಲೆ ಅಡ್ಡಲಾಗಿ ಪರ್ಲಿನ್. ಇವಕ್ಕೆ ಬೀಮ್ ಕ್ಲ್ಯಾಂಪ್ ಅಂತ ಸಿಗುತ್ತದೆ. ಕಬ್ಬಿಣದ ಅಂಚಿಗೆ ಕಚ್ಚಿಸಿ ಸ್ಕ್ರೂ ಬಿಗಿ ಮಾಡಿದರೆ ಆಯಿತು. ಡ್ರಿಲ್ ಬೇಡ, ವೆಲ್ಡಿಂಗ್ ಬೇಡ. ಕ್ಲ್ಯಾಂಪಿನಿಂದ ರಾಡ್ ಇಳಿಸಿ ಸಣ್ಣ ಕೇಬಲ್ ಟ್ರೇ ಕಟ್ಟಬಹುದು. ಕೇಬಲ್ ಕಮ್ಮಿ ಇದ್ದರೆ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್, ಸಾಕು. ಎಂಟೇ ಕ್ಯಾಮೆರಾ ಅಂದರೆ ನಾನಾದರೆ ಟ್ರೇ ಗೋಜಿಗೇ ಹೋಗುವುದಿಲ್ಲ. ಎದುರುಬದುರು ಇಟ್ಟಿಗೆ ಗೋಡೆಗೆ ಆಂಕರ್ ಹೊಡೆದು, ನಡುವೆ ಉಕ್ಕಿನ ತಂತಿ ಹಗ್ಗ ಎಳೆದು, ಒಂದು ತುದಿಗೆ ಟರ್ನ್‌ಬಕಲ್ (ತಿರುಗಿಸಿ ಹಗ್ಗ ಬಿಗಿ ಮಾಡುವ ಕೊಂಡಿ) ಹಾಕಿ ಬಿಗಿ ಮಾಡಿ, ಅದಕ್ಕೇ ಕೇಬಲ್ ಕಟ್ಟಿಬಿಡುತ್ತೇನೆ. ಉದ್ದ ಜಾಸ್ತಿ ಇದ್ದರೆ ನಡುನಡುವೆ ಟ್ರಸ್‌ಗೆ ಆಸರೆ ಕೊಡಬೇಕು. ಖರ್ಚು ಕಮ್ಮಿ, ಕೆಲಸವೂ ಬೇಗ.

ಜೆ ಬೋಲ್ಟಿಗೆ ಮಾತ್ರ ಏನೂ ನೇತುಹಾಕಬೇಡಿ. ಶೀಟನ್ನು ಪರ್ಲಿನ್‌ಗೆ ಹಿಡಿದಿರುವ ಬೋಲ್ಟ್ ಅದು. ಎಳೆದಾಡಿದರೆ ಸುತ್ತ ಬಿರುಕು ಬಿಡುತ್ತದೆ, ಮೊದಲು ಸೋರುವ ಜಾಗವೂ ಅದೇ. ಹೊರಗಿನಿಂದ ಒಳಗೆ ಕೇಬಲ್ ಬರುವುದಾದರೂ ಚಾವಣಿಯಿಂದ ಬೇಡ. ಪಕ್ಕದ ಗೋಡೆಯಲ್ಲಿ ತೂತು ಹಾಕಿ ಪೈಪ್ ಕೂರಿಸಿ. ಆದರೆ ಅದು ಇಟ್ಟಿಗೆಯೋ ಬ್ಲಾಕೋ ಅಂತ ಮೊದಲು ನೋಡಿಕೊಳ್ಳಿ. ಕೆಲವು ಶೆಡ್‌ಗಳಲ್ಲಿ ಗೋಡೆಯ ಮೇಲ್ಭಾಗಕ್ಕೂ ಅದೇ ಶೀಟ್ ಹೊಡೆದಿರುತ್ತಾರೆ.

ಶೀಟಿಗೆ ಅಂಟಿದಂತೆ ಕೇಬಲ್ ಹಾಕದಿರಲು ಇನ್ನೊಂದು ಕಾರಣ ಬಿಸಿ. ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ಕೈ ಇಟ್ಟು ನೋಡಿ, ಗೊತ್ತಾಗುತ್ತದೆ. ಕ್ಯಾಮೆರಾಗೆ ಹಾಕುವ ಕ್ಯಾಟ್ 6 ನೆಟ್‌ವರ್ಕ್ ಕೇಬಲ್‌ಗೆ ಹೇಳುವ 100 ಮೀಟರ್ ಮಿತಿ ಸುಮಾರು 20 ಡಿಗ್ರಿ ಬಿಸಿಗೆ ಹಾಕಿದ ಲೆಕ್ಕ. ಬಿಸಿ ಏರಿದಷ್ಟೂ ದಾರಿಯಲ್ಲಿ ಸಿಗ್ನಲ್ ಹೆಚ್ಚು ಕುಂದುತ್ತದೆ. ಅದೇ ಕೇಬಲ್‌ನಲ್ಲಿ ಕ್ಯಾಮೆರಾಗೆ ಕರೆಂಟೂ ಹೋಗುವುದರಿಂದ ಕೇಬಲ್ ತಾನೂ ಒಂಚೂರು ಬಿಸಿಯಾಗುತ್ತದೆ. ಟ್ರಸ್‌ನ ಕೆಳಗಿನ ಅಡ್ಡಪಟ್ಟಿಯ ಮಟ್ಟದಲ್ಲಿ ಎಳೆಯಿರಿ, ಉದ್ದವನ್ನು 80 ಮೀಟರ್ ಒಳಗಿಡಿ. ಮುಂದೆ ಯಾರಾದರೂ ಕೇಬಲ್ ಬದಲಿಸಲು ಬಂದರೂ ಶೀಟಿನ ಹತ್ತಿರ ಹೋಗುವ ಅಗತ್ಯ ಬೀಳುವುದಿಲ್ಲ.

ಆಫೀಸ್ ಮೂಲೆಗೆ ಫಾಲ್ಸ್ ಸೀಲಿಂಗ್ ಇದೆಯಾ? ಇದ್ದರೆ ಅಲ್ಲಿ ಇನ್ನೂ ಹುಷಾರು. ಹಳೇ ಶೀಟಿನಿಂದ ಉದುರಿದ ಪುಡಿ, ಚೂರು ಎಲ್ಲ ವರ್ಷಗಟ್ಟಲೆ ಅದರ ಮೇಲೆ ಕೂತಿರುತ್ತದೆ. ಟೈಲ್ ಎತ್ತಿ ಕೇಬಲ್ ಸರ್ರನೆ ಎಳೆದರೆ ಎಲ್ಲ ಮುಖಕ್ಕೇ. ಅಲ್ಲಿ ಸೀಲಿಂಗ್ ಒಳಗೆ ಹೋಗುವ ಬದಲು ಗೋಡೆಯ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆಸಿ. ನೋಡೋಕೆ ಚೆನ್ನಾಗಿರಲ್ಲ ಅಂತ ಮಾಲೀಕರು ಗೊಣಗುತ್ತಾರೆ, ಗೊಣಗಲಿ.

ಸೀಲಿಂಗ್ ಬೋರ್ಡೇ ಆಸ್ಬೆಸ್ಟಾಸ್ ಇರಬಹುದು. ಹಿಂಬದಿಯಲ್ಲಿ ಭಾರತೀಯ ಮಾನಕದ ಸಂಖ್ಯೆ ಇರುತ್ತದಾ ನೋಡಿ: ಐಎಸ್ 2096 ಅಂತಿದ್ದರೆ ಆಸ್ಬೆಸ್ಟಾಸ್ ಫ್ಲಾಟ್ ಶೀಟ್, ಐಎಸ್ 459 ಅಂತಿದ್ದರೆ ಅಲೆ ಅಲೆಯ ಚಾವಣಿ ಶೀಟ್. ಗುರುತು ಅಳಿಸಿದ್ದರೆ ಕಣ್ಣಲ್ಲಿ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಲ್ಯಾಬ್‌ನಲ್ಲಿ ಮೈಕ್ರೋಸ್ಕೋಪ್ ಪರೀಕ್ಷೆ ಆಗಬೇಕು. ಅಲ್ಲಿಯವರೆಗೆ ಆಸ್ಬೆಸ್ಟಾಸ್ ಅಂತಲೇ ನಡೆದುಕೊಳ್ಳಿ. ಇನ್ನು ಹಳೇ ಬಾಯ್ಲರ್ ಪೈಪಿಗೆ ಸುತ್ತಿದ ಬಿಳಿ ಮೆತ್ತೆ ಕಂಡರೆ ಅದರ ಹತ್ತಿರವೇ ಕೇಬಲ್ ಒಯ್ಯಬೇಡಿ. ಅದು ಆಸ್ಬೆಸ್ಟಾಸ್ ಆಗಿದ್ದರೆ ಶೀಟಿಗಿಂತ ಎಷ್ಟೋ ಸುಲಭವಾಗಿ ಉದುರುತ್ತದೆ.

ಬೇರೆ ದಾರಿಯೇ ಇಲ್ಲ, ಒಂದು ತೂತು ಹಾಕಲೇಬೇಕು ಅಂತಾದರೆ ಬ್ರಿಟನ್ನಿನ ಕಾರ್ಮಿಕ ಸುರಕ್ಷತಾ ಇಲಾಖೆ ಹೇಳಿಕೊಡುವ ಒಂದು ವಿಧಾನ ಇದೆ. ತೂತು ಬೀಳುವ ಜಾಗಕ್ಕೆ ಶೇವಿಂಗ್ ಫೋಮ್‌ನಂಥ ದಪ್ಪ ನೊರೆ ಮೆತ್ತಿ, ಅದರೊಳಗಿಂದಲೇ ಕೈ ಡ್ರಿಲ್‌ನಲ್ಲಿ ನಿಧಾನವಾಗಿ ಕೊರೆಯುವುದು. ಪುಡಿ ನೊರೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಬೇಕು. ಡ್ರಿಲ್ ಬಿಟ್ಟಿನ ತುದಿ ಆಚೆ ಬರುವ ಕಡೆಯೂ ನೊರೆ ಬೇಕು, ಅಂದರೆ ಒಬ್ಬರು ಶೀಟಿನ ಮೇಲೆ ಹತ್ತಬೇಕು. ಅದಕ್ಕೇ ನಾನು ಬೇಡ ಅನ್ನುವುದು. ಕರ್ಚೀಫು, ಸರ್ಜಿಕಲ್ ಮಾಸ್ಕ್ ಇದಕ್ಕೆಲ್ಲ ಉಪಯೋಗವಿಲ್ಲ. ತೀರಾ ಸಣ್ಣ ಪುಡಿಯನ್ನೂ ತಡೆಯುವ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಬೇಕು, ಅದು ಮುಖಕ್ಕೆ ಸರಿಯಾಗಿ ಕೂರಬೇಕು. ಗಡ್ಡ ಇದ್ದರೆ ಕೂರುವುದಿಲ್ಲ.

ಶೀಟಿನ ಮೇಲೆ ಹತ್ತುವುದು ಅಂದೆನಲ್ಲ, ಅದು ನಾರಿಗಿಂತ ಬೇಗ ಕೊಲ್ಲುತ್ತದೆ. ಆರು ಮಿಲಿಮೀಟರ್ ದಪ್ಪದ ಹಳೇ ಶೀಟು ಕಾಲಿಟ್ಟ ಕೂಡಲೇ ಮುರಿಯಬಹುದು, ಕೆಳಗೆ ಕಾಂಕ್ರೀಟ್ ನೆಲ. ಬೋಲ್ಟ್ ಸಾಲಿನ ಮೇಲೆ ಕಾಲಿಟ್ಟರೆ ಏನೂ ಆಗಲ್ಲ ಅನ್ನುವ ಧೈರ್ಯದವರನ್ನು ನಂಬಬೇಡಿ. ಇಂಥ ಚಾವಣಿ ಹತ್ತುವವರಿಗೆ ಅಡ್ಡ ಹಲಗೆ, ಚಾವಣಿ ಏಣಿ ಕೊಡಬೇಕು ಅಂತ ಫ್ಯಾಕ್ಟರಿ ನಿಯಮಗಳೇ ಹೇಳುತ್ತವೆ. ನಿಮ್ಮ ಕೆಲಸಕ್ಕೆ ಮೇಲೆ ಹತ್ತುವ ಅಗತ್ಯವೇ ಇಲ್ಲ. ಒಳಗೆ ಚಕ್ರದ ಸ್ಕ್ಯಾಫೋಲ್ಡಿಂಗ್ ನಿಲ್ಲಿಸಿ, ಚಕ್ರ ಲಾಕ್ ಮಾಡಿ, ಬೆಲ್ಟ್ ಹಾಕಿಸಿ ಮಾಡಿಸಿ.

ಕೆಲಸ ಒಪ್ಪಿಸುವಾಗ ಕೊಟೇಶನ್ ಮೇಲೆ ಒಂದು ಸಾಲು ಬರೆಸಿಕೊಳ್ಳಿ: 'ಶೀಟಿಗೆ ಡ್ರಿಲ್, ಕಟಿಂಗ್ ಇಲ್ಲ. ಕ್ಲ್ಯಾಂಪ್ ಮಾತ್ರ.' ಪುಡಿ ಒರೆಸಿ ಕಟ್ಟಿಟ್ಟ ಚೀಲವನ್ನು ಮಾಮೂಲಿ ಕಸಕ್ಕೆ ಹಾಕದೆ, ಎಲ್ಲಿಗೆ ಕೊಡಬೇಕು ಅಂತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ವಲಯ ಕಚೇರಿಯಲ್ಲಿ ಕೇಳಿ. ಪರ್ಲಿನ್ ಆಂಗಲ್ಲೋ, ಚಾನೆಲ್ಲೋ, ಪೈಪೋ ಅನ್ನುವುದರ ಮೇಲೆ ಕ್ಲ್ಯಾಂಪ್ ಬೇರೆ ಬೇರೆ. ಕೆಳಗಿನಿಂದ ತೆಗೆದ ಒಂದು ಫೋಟೋ ಹಾಕಿ, ಯಾವುದು ತರಬೇಕು ಅಂತ ಹೇಳುತ್ತೇನೆ.