ಎಲ್ಲರಿಗೂ ಬಾಡೂಟ, ಒಬ್ಬರಿಗೆ ಏನು?

ಹಬ್ಬದ ದಿನ ಇಡೀ ಮನೆ ಬಾಡೂಟಕ್ಕೆ ಕೂರುತ್ತದೆ. ಅವರ ನಡುವೆ ಸಸ್ಯಾಹಾರಿ ಒಬ್ಬರೇ ಇದ್ದರೆ ಅವರಿಗೆ ಏನು ಬಡಿಸೋದು ಅಂತ ಹಲವರು ಕೇಳಿದ್ದೀರಿ. ಕೆಲವು ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಯುಗಾದಿ ಮಾರನೇ ದಿನ ನಮ್ಮಲ್ಲಿ ಹೊಸತೊಡಕು ಜೋರು. ಮಟನ್ ಸಾರು, ಕೈಮ ಉಂಡೆ, ಬೋಟಿ ಗೊಜ್ಜು ಎಲ್ಲ ಆಗಲೇಬೇಕು. ಈ ವರ್ಷ ಮನೆಗೆ ಬಂದ ಸೊಸೆ ಮಾಂಸ ಮುಟ್ಟಲ್ಲ. ಹಿಂದಿನ ದಿನದ ಒಬ್ಬಟ್ಟಿನ ಸಾರು, ಅನ್ನ, ಮೊಸರು ಇದ್ದರೆ ಸಾಕು ಅಂತಾಳೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಒಬ್ಬಳಿಗೋಸ್ಕರ ಏನು ಮಾಡಲಿ?
– ಮದ್ದೂರಿನ ಓದುಗರು

ಉತ್ತರ: ಮನಸ್ಸು ಒಪ್ಪದಿರುವುದೇ ಸರಿ. ಹೊಸ ಮನೆಯಲ್ಲಿ ಯಾರಿಗೂ ತೊಂದರೆ ಕೊಡಬಾರದು ಅಂತ ಆಕೆ ಸಾಕು ಅನ್ನುತ್ತಿರಬಹುದು, ಅಷ್ಟನ್ನೇ ಹಿಡಿದು ಸುಮ್ನಾಗಬೇಡಿ. ಹೊಸತೊಡಕಿಗೆ ನಿಮ್ಮ ಕಡೆ ಮುದ್ದೆ ಇದ್ದೇ ಇರುತ್ತದೆ, ಅಲ್ವಾ? ಮುದ್ದೆ ನುಂಗುವಂಥದ್ದು. ಹಾಗಾಗಿ ಕಚ್ಚಿ, ಅಗಿದು ತಿನ್ನುವಂಥದ್ದು ಸಾರಿನಲ್ಲೇ ಇರಬೇಕು. ಎಲ್ಲರೂ ಒಂದೊಂದು ತುಂಡು ಹಿಡಿದು ಅರ್ಧ ಗಂಟೆ ಕೂತು ಉಣ್ಣುವಾಗ ಆಕೆಯ ತಟ್ಟೆ ಐದು ನಿಮಿಷಕ್ಕೆ ಖಾಲಿಯಾಗುತ್ತದೆ. ಬೇಸರ ಆಗೋದು ಅಲ್ಲೇ.

ನಾನು ಹೇಳುವುದು ಬೇಳೆ ಉಂಡೆ ಸಾರು. ಕೈಮ ಉಂಡೆಗೆ ನೀವು ರುಬ್ಬುವ ಮಸಾಲೆಯೇ ಇದಕ್ಕೂ ಸಾಕು, ಬೇರೆ ಕೆಲಸವೇ ಇಲ್ಲ. ಮುಖ್ಯ ಅಂದರೆ ಉಂಡೆಯನ್ನು ಯುಗಾದಿ ಸಂಜೆಯೇ ಮಾಡಿಟ್ಟುಬಿಡಿ. ಅವತ್ತು ಮನೆಯಲ್ಲಿ ಮಾಂಸ ಇರಲ್ಲ, ಪಾತ್ರೆ, ಮಿಕ್ಸಿ ಜಾರ್ ಎಲ್ಲ ಶುಚಿ. ಒಬ್ಬಟ್ಟಿಗೆ ಹೇಗೂ ಬೇಳೆ ಡಬ್ಬಿ ತೆಗೆದಿರುತ್ತೀರಿ. ಅರ್ಧ ಲೋಟ ತೊಗರಿಬೇಳೆ, ಎರಡು ಚಮಚ ಕಡಲೆಬೇಳೆ ಸೇರಿಸಿ ಎರಡು ಗಂಟೆ ನೆನೆಸಿ. ನೀರನ್ನು ಪೂರ್ತಿ ಬಸಿಯಿರಿ, ಜರಡಿಯಲ್ಲಿ ಹತ್ತು ನಿಮಿಷ ಬಿಟ್ಟರೆ ಇನ್ನೂ ಒಳ್ಳೆಯದು. ಉಂಡೆ ಒಡೆಯುವುದು ಬಹುಪಾಲು ಈ ನೀರಿನಿಂದಲೇ. ಹಸಿಮೆಣಸಿನಕಾಯಿ, ಸಣ್ಣ ತುಂಡು ಶುಂಠಿ, ಉಪ್ಪು ಹಾಕಿ ತರಿತರಿಯಾಗಿ ರುಬ್ಬಿ. ನುಣ್ಣಗಾದರೆ ಉಂಡೆ ಗಟ್ಟಿಯಾಗಿ ರಬ್ಬರಿನಂತಾಗುತ್ತದೆ. ಅಲ್ಲಲ್ಲಿ ಅರ್ಧ ಬೇಳೆ ಕಾಣಬೇಕು. ಇದಕ್ಕೆ ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು ಒಂದು ಹಿಡಿ, ಈರುಳ್ಳಿ, ಎರಡು ಚಮಚ ಕಾಯಿತುರಿ ಕಲಸಿ, ಚಿಕ್ಕ ನಿಂಬೆಗಾತ್ರದ ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ 12ರಿಂದ 15 ನಿಮಿಷ ಹಬೆಗೆ ಇಡಿ. ಚಾಕು ಚುಚ್ಚಿದರೆ ಅಂಟದೆ ಬರಬೇಕು. ಹಸಿ ಉಂಡೆಯನ್ನೇ ಕುದಿಯುವ ಸಾರಿಗೆ ಬಿಡುವವರೂ ಇದ್ದಾರೆ, ರುಚಿ ಚೆನ್ನಾಗೇ ಇರುತ್ತದೆ. ಆದರೆ ಹಬ್ಬದ ಗಡಿಬಿಡಿಯಲ್ಲಿ ಆ ರಿಸ್ಕ್ ಬೇಡ.

ಮಾರನೇ ದಿನ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ, ಕಾಯಿ, ಗಸಗಸೆ, ಹುರಿಗಡಲೆ, ಚಕ್ಕೆ, ಲವಂಗ, ಧನಿಯಪುಡಿ, ಖಾರದಪುಡಿ, ಕೊತ್ತಂಬರಿ ಸೊಪ್ಪು ಹಾಕಿ ರುಬ್ಬುತ್ತೀರಲ್ಲ, ರುಬ್ಬಿದ ತಕ್ಷಣ, ಮಾಂಸಕ್ಕೆ ಕೈ ಹಾಕುವ ಮೊದಲೇ ಎರಡು ಬಟ್ಟಲು ಮಸಾಲೆ ಬೇರೆ ಎತ್ತಿಡಿ. ಇದೊಂದು ನೆನಪಿದ್ದರೆ ಮಿಕ್ಕಿದ್ದೆಲ್ಲ ಸಲೀಸು. ಚಿಕ್ಕ ಪಾತ್ರೆಯಲ್ಲಿ ಒಗ್ಗರಣೆ ಕೊಟ್ಟು, ಮಸಾಲೆಯನ್ನು ಹಸಿವಾಸನೆ ಹೋಗಿ ಎಣ್ಣೆ ಬಿಡುವ ತನಕ ಕುದಿಸಿ, ಕೊನೆಗೆ ಉಂಡೆ ಬಿಟ್ಟು ಸಣ್ಣ ಉರಿಯಲ್ಲಿ ಐದು ನಿಮಿಷ ಇಡಿ. ಸೌಟು ಆಡಿಸಬೇಡಿ, ಪಾತ್ರೆ ಹಿಡಿದು ಅಲ್ಲಾಡಿಸಿ. ಉಂಡೆ ಸಾರನ್ನು ಹೀರುತ್ತದೆ, ಹಾಗಾಗಿ ಸಾರು ಮೊದಲೇ ಸ್ವಲ್ಪ ತೆಳ್ಳಗಿರಲಿ.

ಈ ಪಾತ್ರೆಗೆ ಬೇರೆ ಸೌಟು ಇಡಿ. ಅಡುಗೆಮನೆಯಲ್ಲಿ ಹತ್ತು ಜನ ಓಡಾಡುವಾಗ ಮಟನ್ ಸೌಟು ಇದಕ್ಕೆ ಬೀಳೋದು ಒಂದು ಕ್ಷಣದ ಕೆಲಸ, ಆಮೇಲೆ ಆಕೆ ಊಟ ಬಿಟ್ಟು ಎದ್ದರೆ ನೋವು ಇಬ್ಬರಿಗೂ. ಮತ್ತೆ ಒಬ್ಬಳಿಗೇ ಅಂತ ಅಳತೆ ಮಾಡಬೇಡಿ. ಮೂವರಿಗೆ ಆಗುವಷ್ಟಿರಲಿ, ಪಕ್ಕದಲ್ಲಿ ಕೂತವರು ನನಗೂ ಎರಡು ಉಂಡೆ ಹಾಕಿ ಅಂತ ಕೇಳೇ ಕೇಳುತ್ತಾರೆ.

ಉಂಡೆ ಬೇಡ ಅನಿಸಿದರೆ, ಯುಗಾದಿ ಹೊತ್ತಿಗೆ ಎಳೆ ಹಲಸಿನಕಾಯಿ ಮಾರುಕಟ್ಟೆಗೆ ಬಂದಿರುತ್ತದೆ. ಕೈಗೂ ಚಾಕುವಿಗೂ ಎಣ್ಣೆ ಸವರಿ ಹೆಚ್ಚಿ, ಅರಿಶಿನ ಉಪ್ಪು ಹಾಕಿ ಮುಕ್ಕಾಲು ಬೇಯಿಸಿ, ಹೋಳುಗಳನ್ನು ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ ಅದೇ ಮಸಾಲೆಗೆ ಹಾಕಿ. ಬಾಡಿಸದೆ ಹಾಕಿದರೆ ಕರಗಿ ಹೋಗುತ್ತದೆ.

ಪ್ರಶ್ನೆ: ಅಷ್ಟೆಲ್ಲ ಯಾಕೆ, ಹೋಟೆಲ್‌ನಿಂದ ಒಂದು ಪನೀರ್ ಬಟರ್ ಮಸಾಲ ತರಿಸಿದರೆ ಆಗಲ್ವಾ?
– ರಾಮನಗರದ ಓದುಗರು

ಉತ್ತರ: ಕೈಲಾಗದ ದಿನ ಖಂಡಿತ ತರಿಸಿ, ತಪ್ಪೇನಿಲ್ಲ. ಆದರೆ ಮುದ್ದೆಗೆ ಅದು ಹೊಂದಲ್ಲ, ಮತ್ತೆ ಎಲ್ಲರೂ ಮನೆಯ ಘಮದ ಸಾರು ಉಣ್ಣುವಾಗ ಒಬ್ಬರ ಮುಂದೆ ಮಾತ್ರ ಪಾರ್ಸೆಲ್ ಡಬ್ಬಿ ಇಡುವುದು ನನಗೆ ಸರಿ ಕಾಣಲ್ಲ. ಪನೀರ್ ತಂದರೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ಮನೆ ಮಸಾಲೆಗೇ ಹಾಕಿ.

ಪ್ರಶ್ನೆ: ಮಡಿಕೇರಿ ಹತ್ತಿರದ ಗೆಳತಿ ಕೊಡವರ ಕೈಲ್‌ಪೊಳ್ದ್ ಹಬ್ಬಕ್ಕೆ ಕರೆದಿದ್ದಾಳೆ. ಅವತ್ತು ಅವರಲ್ಲಿ ಹಂದಿಮಾಂಸದ ಪಂದಿಕರಿ ಅಂತೆ. ನಾನು ಸಸ್ಯಾಹಾರಿ. ಮೊದಲೇ ಹೇಳಿದರೆ ಅವರಿಗೆ ಭಾರ ಆಗುತ್ತಾ?
– ದಾವಣಗೆರೆಯ ಓದುಗರು

ಉತ್ತರ: ಹೇಳದೆ ಹೋದರೆ ಭಾರ. ಎಲೆ ಮುಂದೆ ಕೂತ ಮೇಲೆ ತಿನ್ನಲ್ಲ ಅಂದರೆ ಆ ಮನೆಯವರ ಜೀವ ಎಷ್ಟು ಒದ್ದಾಡುತ್ತದೆ ಯೋಚಿಸಿ. ಇವತ್ತೇ ಫೋನ್ ಮಾಡಿ, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಅದನ್ನೂ ಹೇಳಿಬಿಡಿ.

ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ ಮೊದಲ ವಾರ, ನಾಟಿ ಕೆಲಸ ಮುಗಿದ ಮೇಲೆ. ಮಳೆಗಾಲದ ಕಣಿಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಇನ್ನೂ ಸಿಗುವ ಹೊತ್ತು ಅದು. ಅದರ ಬೈಂಬಳೆ ಕರಿ, ಇಲ್ಲವೇ ಅಣಬೆಯ ಕುಮ್ಮು ಕರಿ ಕಡಂಬುಟ್ಟು ಅನ್ನುವ ಅಕ್ಕಿತರಿ ಕಡುಬಿನ ಜೊತೆಗೆ ಸೊಗಸಾದ ಜೋಡಿ. ಎರಡೂ ಕೊಡಗಿನ ಸ್ವಂತ ಅಡುಗೆ, ನಿಮಗೋಸ್ಕರ ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ. ಆದರೆ ಕಣಿಲೆಯನ್ನು ಹೆಚ್ಚಿ ಹಾಗೇ ಒಲೆಗೆ ಹಾಕುವಂತಿಲ್ಲ. ಹಸಿ ಕಣಿಲೆಯಲ್ಲಿ ವಿಷದ ಅಂಶ ಇರುತ್ತದೆ. ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಹಬ್ಬದ ಹಿಂದಿನ ರಾತ್ರಿ ಹೇಳಿದರೆ ಪಾಪ ಅವರಾದರೂ ಏನು ಮಾಡಿಯಾರು? ಪಂದಿಕರಿಗೆ ಹಾಕುವ ಕಾಚಂಪುಳಿಯನ್ನು ಅಣಬೆಗೂ ಎರಡು ಹನಿ ಹಾಕಲು ಹೇಳಿ. ಆ ಕಪ್ಪು ಹುಳಿ ಪೂರ್ತಿ ಹಣ್ಣಿನದು, ನೀವು ಧೈರ್ಯವಾಗಿ ತಿನ್ನಬಹುದು.

ಪ್ರಶ್ನೆ: ಅಮೆರಿಕಕ್ಕೆ ಬಂದು ವರ್ಷ ತುಂಬಿಲ್ಲ. ಆಫೀಸಿನ ಹಿರಿಯರೊಬ್ಬರು ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಮನೆಗೆ ಕರೆದಿದ್ದಾರೆ. ಟರ್ಕಿ ಕೋಳಿ ಬಿಟ್ಟು ಪಕ್ಕದ ಪದಾರ್ಥ ತಿನ್ನಬಹುದು ಅಂತ ಗೆಳೆಯರು ಅಂತಾರೆ. ಹೌದಾ?
– ನ್ಯೂಜೆರ್ಸಿಯ ಓದುಗರು

ಉತ್ತರ: ಕೇಳದೆ ತಿನ್ನಬೇಡಿ. ಸ್ಟಫಿಂಗ್ ಅನ್ನುವ ಬ್ರೆಡ್ ಪದಾರ್ಥವನ್ನು ಹಲವು ಮನೆಗಳಲ್ಲಿ ಕೋಳಿ ರಸ ಹಾಕಿ ಮಾಡುತ್ತಾರೆ, ಕೆಲವರು ಟರ್ಕಿ ಹೊಟ್ಟೆಯೊಳಗೇ ತುಂಬಿ ಬೇಯಿಸುತ್ತಾರೆ. ಗ್ರೇವಿ ಸಾಮಾನ್ಯವಾಗಿ ಟರ್ಕಿಯಿಂದ ಇಳಿದ ರಸದ್ದೇ. ಬೀನ್ಸ್‌ನಲ್ಲಿ ಬೇಕನ್, ಅಂದರೆ ಹಂದಿಮಾಂಸ, ಇರಬಹುದು. ಗೆಣಸಿನ ಮೇಲಿನ ಬಿಳಿ ಮಾರ್ಷ್‌ಮ್ಯಾಲೋದಲ್ಲೂ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಮೂಲದ್ದು. ಇಷ್ಟೆಲ್ಲ ತೆಗೆದರೆ ಉಳಿಯೋದು ಆಲೂಗಡ್ಡೆ, ಕ್ರ್ಯಾನ್‌ಬೆರಿ, ಬನ್. ಅದು ಹಬ್ಬದ ಊಟ ಅಲ್ಲ.

ನಾನು ಒಂದು ಪದಾರ್ಥ ತರಲಾ ಅಂತ ಮೊದಲೇ ಕೇಳಿ. ಅಲ್ಲಿ ಹಾಗೆ ತರುವುದು ತೀರಾ ಸಾಮಾನ್ಯ, ಅವರಿಗೂ ಹಗುರ. ಏಕಾರ್ನ್ ಸ್ಕ್ವಾಶ್ ಅಂತ ಕಡುಹಸಿರು ಬಣ್ಣದ ಸಣ್ಣ ಕುಂಬಳ ನವೆಂಬರಿನಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಅರ್ಧ ಹೋಳು ಒಬ್ಬರಿಗೆ ಸರಿಯಾದ ಅಳತೆ. ಉದ್ದಕ್ಕೆ ಸೀಳಿ, ಬೀಜ ತೆಗೆದು, ಎಣ್ಣೆ ಉಪ್ಪು ಸವರಿ, ಕತ್ತರಿಸಿದ ಭಾಗ ಕೆಳಗಾಗಿ 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 35ರಿಂದ 45 ನಿಮಿಷ ಇಡಿ. ಒಳಗೆ ತುಂಬಲು ಅನ್ನ, ಬಾಡಿಸಿದ ಈರುಳ್ಳಿ, ಅಣಬೆ, ವಾಲ್‌ನಟ್, ಒಣ ಕ್ರ್ಯಾನ್‌ಬೆರಿ, ಜೊತೆಗೆ ನಮ್ಮ ಜೀರಿಗೆ, ಕರಿಮೆಣಸು. ಮನೆಯಲ್ಲೇ ಪೂರ್ತಿ ಬೇಯಿಸಿ ಒಯ್ಯಿರಿ. ಅವತ್ತು ಅವರ ಓವನ್ ಟರ್ಕಿಗೇ ಮೀಸಲು, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಸಾಕು. ನಾಲ್ಕು ಹೋಳು ಒಯ್ದರೆ ಬೇರೆಯವರೂ ರುಚಿ ನೋಡುತ್ತಾರೆ. ಪುಳಿಯೋಗರೆ ಒಯ್ಯಲಾ ಅಂತ ಅನಿಸಿದರೆ ಅದನ್ನೂ ಒಯ್ಯಿರಿ, ಆದರೆ ಚಾಕು, ಫೋರ್ಕ್ ಹಿಡಿದು ಎಲ್ಲರ ಜೊತೆ ನಿಧಾನವಾಗಿ ತಿನ್ನಲು ಸ್ಕ್ವಾಶ್ ಚೆಂದ.

ಪ್ರಶ್ನೆ: ಕ್ರಿಸ್ಮಸ್‌ಗೆ ಪಕ್ಕದ ಮನೆ ದಂಪತಿಯನ್ನು ಕರೆದಿದ್ದೇವೆ. ಗಂಡ ಮಾಂಸ ತಿನ್ನುತ್ತಾರೆ, ಹೆಂಡತಿ ತಿನ್ನಲ್ಲ. ಸನ್ನಾ (ಇಡ್ಲಿಯಂಥ ಅಕ್ಕಿ ತಿಂಡಿ) ಜೊತೆ ಪೋರ್ಕ್ ಬಫಾತ್ (ಹಂದಿಮಾಂಸದ ಮಸಾಲೆ ಪದಾರ್ಥ) ಮಾಡುವಾಗ ಆಕೆಗೆ ಏನು?
– ಮಂಗಳೂರಿನ ಓದುಗರು

ಉತ್ತರ: ಬಫಾತ್ ಪುಡಿ ನಿಮ್ಮ ಡಬ್ಬಿಯಲ್ಲೇ ಇದೆ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಕರಿಮೆಣಸು, ಅರಿಶಿನ, ಚಕ್ಕೆ, ಲವಂಗ, ಅಷ್ಟೇ ತಾನೆ. ಅದರಲ್ಲಿ ಸುವರ್ಣಗಡ್ಡೆ ಬಫಾತ್ ಮಾಡಿ. ಗಡ್ಡೆಯನ್ನು ದೊಡ್ಡ ಹೋಳು ಮಾಡಿ ಹುಣಸೆ ನೀರಿನಲ್ಲಿ ನೆನೆಸಿದರೆ ತುರಿಕೆ ಕಡಿಮೆ. ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ, ಮಸಾಲೆಗೆ ಈರುಳ್ಳಿ, ಶುಂಠಿ, ಹಸಿಮೆಣಸು, ವಿನಿಗರ್ ಹಾಕಿ. ಪೋರ್ಕ್‌ನ ಹಾಗೆ ಇದಕ್ಕೆ ಸ್ವಂತ ಕೊಬ್ಬು ಇಲ್ಲ, ಹಾಗಾಗಿ ತೆಂಗಿನೆಣ್ಣೆಯನ್ನು ಧಾರಾಳವಾಗಿ ಬಿಡಿ. ಹಿಂದಿನ ದಿನವೇ ಮಾಡಿಟ್ಟರೆ ಹುಳಿ ಖಾರ ಗಡ್ಡೆಗೆ ಚೆನ್ನಾಗಿ ಹಿಡಿಯುತ್ತದೆ. ಬಡಿಸುವಾಗ ಪೋರ್ಕ್ ಪಾತ್ರೆಯಿಂದ ದೂರ, ಆಕೆಯ ಕೈಗೆ ಎಟುಕುವ ಕಡೆ ಇಡಿ, ಎರಡನೇ ಸಲ ಬೇಕಾದಾಗ ಯಾರನ್ನೂ ಕೇಳಬೇಕಾಗಿಲ್ಲ.